ಮೀನಿನ ಕೊಬ್ಬು, ಕಂಬಳಿ ಮತ್ತು ಒಂದು ಹಳೆಯ ಪ್ರಶ್ನೆ



ಕಳೆದ ಚಳಿಗಾಲದ ಒಂದು ಬೆಳಗ್ಗೆ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಶೀಸೆ ಗಟ್ಟಿಯಾಗಿ ಕುಳಿತಿತ್ತು. ತಲೆಗೆ ಹಚ್ಚಿಕೊಳ್ಳಲೆಂದು ಮೊಮ್ಮಗಳು ಅದನ್ನು ಬಿಸಿಲಿಗೆ ಇಟ್ಟಳು. ಅದೇ ಕಪಾಟಿನ ತುಪ್ಪದ ಗಡಿಗೆಯೂ ಹೆಪ್ಪುಗಟ್ಟಿತ್ತು. ಆದರೆ ಪಕ್ಕದಲ್ಲಿಯೇ ಇದ್ದ ಕುಸುಬಿ ಎಣ್ಣೆ ಮಾತ್ರ ಎಂದಿನಂತೆ ನೀರಾಗಿಯೇ ಇತ್ತು. "ಅಜ್ಜಾ, ಇದಕ್ಕೆ ಚಳಿ ಹತ್ತುವುದಿಲ್ಲವೇ?" ಎಂದು ಆಕೆ ಕೇಳಿದಳು. ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ತರಗತಿ ನೆನಪಾಯಿತು. ಆ ತರಗತಿಯಲ್ಲಿ ನಾನು ಹೇಳಿದ ಒಂದು ಉತ್ತರ ತಪ್ಪಾಗಿತ್ತು. ಅದನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

1991ರ ಡಿಸೆಂಬರ್ ತಿಂಗಳು ಇರಬೇಕು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳೆಲ್ಲ ಇನ್ನೂ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ನಮ್ಮ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ತುಂಗಭದ್ರೆಯ ಹಿನ್ನೀರಿಗೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದೆ. ಪ್ರಾಣಿಗಳ ಹೊಂದಾಣಿಕೆಯ ಪಾಠ. "ಚಳಿ ದೇಶದ ಮೀನುಗಳ ಮೈಯಲ್ಲಿ ಕೊಬ್ಬು ಹೆಚ್ಚು. ಅದು ಅವುಗಳಿಗೆ ಕಂಬಳಿ ಇದ್ದಂತೆ" ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುವವನಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಹರಿಗೋಲಿನಲ್ಲಿ ಮೀನು ಹಿಡಿಯುವ ಮನೆತನದವನು. ಬೆಳಗಿನ ಜಾವ ತಂದೆಯೊಡನೆ ಬಲೆ ಎಳೆದು, ಅನಂತರ ಶಾಲೆಗೆ ಬರುತ್ತಿದ್ದ.

"ಮೀನಿನ ಮೈ ನೀರಿನಷ್ಟ ತಣ್ಣಗ ಇರತೈತ್ರಿ ಸರ್. ಕಲ್ಲಿಗೆ ಕಂಬಳಿ ಹೊಚ್ಚಿದ್ರ ಕಲ್ಲು ಬೆಚ್ಚಗ ಆಗತೈತೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆ. "ಪರೀಕ್ಷೆಯಲ್ಲಿ ಹೀಗೆಲ್ಲ ಬರೆಯಬೇಡ, ಕುಳಿತುಕೋ" ಎಂದೆ. ಅವನು ಕುಳಿತ. ಆ ವರ್ಷ ಮತ್ತೆ ಅವನು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಹುಡುಗ ಹೇಳಿದ್ದೇ ಸರಿಯಾಗಿತ್ತು. ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಒಳಗಿರುವ ಶಾಖವು ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಕುಷ್ಟಗಿ ಸಂತೆಯಲ್ಲಿ ಕೊಂಡ ಕಂಬಳಿಯನ್ನು ನಾವು ಹೊದ್ದರೆ ಬೆಚ್ಚಗಾಗುತ್ತೇವೆ, ಏಕೆಂದರೆ ನಮ್ಮೊಳಗೆ ಒಲೆ ಉರಿಯುತ್ತಿದೆ. ತಿಮಿಂಗಿಲವೂ ನಮ್ಮಂತೆ ಬಿಸಿರಕ್ತದ ಪ್ರಾಣಿ. ಅದರ ಚರ್ಮದಡಿಯ ದಪ್ಪ ಕೊಬ್ಬು ನಿಜವಾದ ಕಂಬಳಿ. ನಾನು ತಿಮಿಂಗಿಲದ ಮಾತನ್ನು ಮೀನಿಗೆ ಅಂಟಿಸಿದ್ದೆ. ಮೀನಿನ ರಕ್ತವು ಪ್ರತಿಯೊಂದು ಸುತ್ತಿನಲ್ಲಿಯೂ ಕಿವಿರುಗಳ ಮೂಲಕ ಹಾಯಬೇಕು. ಅಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಅತಿ ತೆಳುವಾದ ಪೊರೆ. ಆಮ್ಲಜನಕ ಒಳಗೆ ಬರುವಷ್ಟರಲ್ಲಿ ಶಾಖ ಹೊರಗೆ ಹೋಗಿಬಿಡುತ್ತದೆ. ಬಾಗಿಲು ತೆರೆದಿಟ್ಟ ಮನೆಯ ಗೋಡೆಗೆ ಎಷ್ಟು ದಪ್ಪ ಕಂಬಳಿ ಹೊದಿಸಿದರೇನು?

ಹಾಗಾದರೆ ಚಳಿನೀರಿನಲ್ಲಿ ಮೀನಿಗೆ ಕೊಬ್ಬು ಏಕೆ ಬೇಕು? ಇದಕ್ಕೆ ಉತ್ತರ ದೊರೆತ ಕಥೆ ಬಹಳ ಉದ್ದವಾದದ್ದು. ಅದರ ಒಂದು ಎಳೆ ನಮ್ಮ ಸೀಮೆಯನ್ನೂ ಹಾದುಹೋಗುತ್ತದೆ.

ಯಲಬುರ್ಗಾ ಸೀಮೆಯ ಇಟಗಿಯ ಮಹಾದೇವ ದೇವಾಲಯಕ್ಕೆ ನಿಮ್ಮಲ್ಲಿ ಹಲವರನ್ನು ನಾನು ಪ್ರವಾಸಕ್ಕೆ ಕರೆದೊಯ್ದದ್ದುಂಟು. (ಇಟಗಿ ಈಗ ಕುಕನೂರು ತಾಲೂಕಿಗೆ ಸೇರಿದೆ.) ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಅಲ್ಲಿನ ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಆ ವಿಕ್ರಮಾದಿತ್ಯನ ಮಗನೇ ಭೂಲೋಕಮಲ್ಲನೆಂದು ಬಿರುದು ಪಡೆದ ಮೂರನೆಯ ಸೋಮೇಶ್ವರ. ಇವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ನೂರು ಅಧ್ಯಾಯಗಳ ಗ್ರಂಥವನ್ನು ರಚಿಸಿದ. ಕಾಲ ಸುಮಾರು 1130. ರಾಜನೀತಿ, ವೈದ್ಯ, ಅಡುಗೆ, ಸಂಗೀತ, ಆನೆ, ಕುದುರೆ ಎಲ್ಲವೂ ಅದರಲ್ಲಿವೆ. 'ಮತ್ಸ್ಯವಿನೋದ'ವೆಂಬ ಒಂದು ಭಾಗವೂ ಇದೆ. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವ ಮೀನಿಗೆ ಯಾವ ಆಹಾರ ಹಾಕಬೇಕು, ಗಾಳವನ್ನು ಹೇಗೆ ಕಟ್ಟಬೇಕು ಎಂಬ ವಿವರಗಳು ಅಲ್ಲಿವೆ. ಮೀನುಗಳ ಬಗ್ಗೆ ಆಳವಾಗಿ ಬಲ್ಲ ವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ವಿದ್ವತ್ಪ್ರಪಂಚದ ಗಮನಕ್ಕೆ ತಂದರು.

ರಾಜನ ಉದ್ದೇಶ ವಿನೋದ, ಶರೀರಶಾಸ್ತ್ರವಲ್ಲ. ಆದರೂ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಯಾವ ಮೀನು ಏನು ತಿನ್ನುತ್ತದೆ ಎಂಬುದನ್ನು ಅರಮನೆಯಲ್ಲಿ ಕುಳಿತು ತಿಳಿಯಲಾಗದು. ಆ ಜ್ಞಾನವೆಲ್ಲ ಹೊಳೆಯ ದಂಡೆಯಲ್ಲಿದ್ದವರಿಂದ ಬಂದಿರಲೇಬೇಕು. ರಾಜ ಅವರ ಮಾತಿಗೆ ಕಿವಿಗೊಟ್ಟ, ಬರೆದಿಟ್ಟ. ಎಂಟುನೂರು ಅರವತ್ತು ವರ್ಷಗಳ ಬಳಿಕ ಅದೇ ನಾಡಿನಲ್ಲಿ ಬಿ.ಎಡ್. ಪದವಿ ಪಡೆದ ನಾನು ಕಿವಿಗೊಡಲಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ತುಳುನಾಡಿನಲ್ಲಿ ಬೂತಾಯಿ, ಉತ್ತರ ಕನ್ನಡದಲ್ಲಿ ತಾರಲೆ ಎನ್ನುವ ಸಣ್ಣ ಮೀನಿಗೆ ಇಂಗ್ಲಿಷಿನವರು 'ಆಯಿಲ್ ಸಾರ್ಡಿನ್' ಎಂದೇ ಹೆಸರಿಟ್ಟಿದ್ದಾರೆ. ಎಣ್ಣೆ ಅದರ ಹೆಸರಿನಲ್ಲಿಯೇ ಇದೆ. ರಾಶಿ ರಾಶಿ ಸಿಕ್ಕಿದಾಗ ಇದನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುತ್ತಿದ್ದರು. ಹಿಂಡಿ ಉಳಿದದ್ದು ತೋಟಕ್ಕೆ ಗೊಬ್ಬರವಾಗುತ್ತಿತ್ತು. ಆ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು, ಚರ್ಮ ಹದಮಾಡಲು ಬಳಸುತ್ತಿದ್ದರು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1907ರಲ್ಲಿ ಅಲ್ಲಿನ ಮೀನುಗಾರಿಕೆ ಇಲಾಖೆಗೆ ಅಡಿಗಲ್ಲು ಹಾಕಿದ ಸರ್ ಫ್ರೆಡರಿಕ್ ನಿಕಲ್ಸನ್ ಅವರು ಪಶ್ಚಿಮ ಕರಾವಳಿಯ ಈ ಎಣ್ಣೆ ಮತ್ತು ಗೊಬ್ಬರದ ಕಸುಬನ್ನು ಶುದ್ಧಗೊಳಿಸಿ ಬೆಳೆಸಲು ಬಹಳ ಶ್ರಮಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಅರಬ್ಬೀ ಸಮುದ್ರವು ಹಿಮದ ಕಡಲಲ್ಲ. ಬೂತಾಯಿಗೆ ಇಷ್ಟು ಎಣ್ಣೆ ಏಕೆ? ಮುಂಗಾರಿನ ಕಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಕಡಲಿನ ಆಳದ ತಣ್ಣೀರು ಮೇಲಕ್ಕೆ ಉಕ್ಕಿಬರುತ್ತದೆ. ಅದರೊಡನೆ ತಳದ ಪೋಷಕಾಂಶಗಳೂ ಬರುತ್ತವೆ. ಸೂರ್ಯನ ಬೆಳಕು ಸಿಕ್ಕೊಡನೆ ಕಣ್ಣಿಗೆ ಕಾಣದ ಡಯಾಟಂ ಮೊದಲಾದ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಅವನ್ನು ತಿಂದು ಮಳೆಗಾಲ ಕಳೆಯುವ ಹೊತ್ತಿಗೆ ಕೊಬ್ಬುತ್ತದೆ. ಇದು ಸುಗ್ಗಿಯಲ್ಲಿ ಹಗೇವು ತುಂಬಿಸಿದಂತೆ: ಮುಂದಿನ ಬಡ ದಿನಗಳಿಗೆ ಬುತ್ತಿ. ಆದ್ದರಿಂದ ಮೀನಿನ ಕೊಬ್ಬನ್ನೆಲ್ಲ ಚಳಿಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಕೊಬ್ಬು ಎಷ್ಟಿದೆ ಎಂಬುದು ಹೊಟ್ಟೆಯ ವಿಷಯ. ಚಳಿಗೆ ಸಂಬಂಧಿಸಿದ್ದು ಆ ಕೊಬ್ಬು ಎಂಥದ್ದು ಎಂಬ ಪ್ರಶ್ನೆ. ನಾನು ಎಡವಿದ್ದೂ ಇಲ್ಲಿಯೇ. ಪ್ರಮಾಣವನ್ನು ಹೇಳಿ ಗುಣವನ್ನು ಬಿಟ್ಟಿದ್ದೆ.

ಈ ಗುಣವನ್ನು ತಿಳಿಯಲು ಮತ್ತೆ ನಮ್ಮ ಕಪಾಟಿನ ಶೀಸೆಗಳನ್ನು ನೋಡಿ. ಕೊಬ್ಬು, ಎಣ್ಣೆ, ತುಪ್ಪ ಎಲ್ಲದರಲ್ಲಿಯೂ ಮೇದಾಮ್ಲಗಳೆಂಬ ಉದ್ದನೆಯ ಇಂಗಾಲದ ಸರಪಳಿಗಳಿವೆ. ಕೆಲವು ಸರಪಳಿ ನೆಟ್ಟಗಿರುತ್ತವೆ. ಇವು ಪರ್ಯಾಪ್ತ ಆಮ್ಲಗಳು. ಕೆಲವುಗಳಲ್ಲಿ ಜೋಡಿ ಬಂಧಗಳಿದ್ದು, ಬಂಧವಿದ್ದಲ್ಲಿ ಸರಪಳಿ ಬಾಗುತ್ತದೆ; ಇವು ಅಪರ್ಯಾಪ್ತ. ಜೋಳದ ಕಣಿಕಿಯನ್ನು ಹೊರೆ ಕಟ್ಟಿದರೆ ಒಂದಕ್ಕೊಂದು ಒತ್ತಿ ಬಿಗಿಯಾಗಿ ಕೂಡುತ್ತದೆ. ಜಾಲಿಯ ಡೊಂಕು ಟೊಂಗೆಗಳನ್ನು ಎಷ್ಟೇ ಬಿಗಿದರೂ ನಡುವೆ ಸಂದು ಉಳಿಯುತ್ತದೆ. ನೆಟ್ಟಗಿನ ಸರಪಳಿಗಳ ಕೊಬ್ಬು ಬೇಗ ಗಟ್ಟಿಯಾಗುತ್ತದೆ, ಡೊಂಕು ಸರಪಳಿಗಳದ್ದು ತಣ್ಣಗಿದ್ದರೂ ಹರಿಯುತ್ತದೆ. ಅಂಕಿಗಳು ಇನ್ನೂ ಸ್ಪಷ್ಟ. ಸ್ಟಿಯರಿಕ್ ಆಮ್ಲದಲ್ಲಿ 18 ಇಂಗಾಲ, ಜೋಡಿ ಬಂಧವಿಲ್ಲ. ಕರಗುವುದು ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟೇ ಉದ್ದದ ಓಲಿಯಿಕ್ ಆಮ್ಲದಲ್ಲಿ ಒಂದೇ ಒಂದು ಜೋಡಿ ಬಂಧ. ಕರಗುವುದು ಸುಮಾರು 13 ಡಿಗ್ರಿಯಲ್ಲಿ. ಎರಡು ಬಂಧಗಳ ಲಿನೋಲಿಯಿಕ್ ಆಮ್ಲವು ಸೊನ್ನೆಗಿಂತ 5 ಡಿಗ್ರಿ ಕೆಳಗೂ ದ್ರವವಾಗಿಯೇ ಇರಬಲ್ಲದು. ನಮ್ಮ ಕುಸುಬಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಇದೇ. ಮೀನೆಣ್ಣೆಯಲ್ಲಿ ಹೆಸರುವಾಸಿಯಾದ ಇ.ಪಿ.ಎ. ಎಂಬ ಆಮ್ಲದಲ್ಲಿ ಐದು ಜೋಡಿ ಬಂಧಗಳಿವೆ. ಅದು ಗಟ್ಟಿಯಾಗಬೇಕಾದರೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ ಹೋಗಬೇಕು.

ಒಂದು ಕೊಬ್ಬಿನಲ್ಲಿ ಇಂಥ ಬಂಧಗಳು ಎಷ್ಟಿವೆ ಎಂದು ಅಯೋಡಿನ್ ಬಳಸಿ ಅಳೆಯುವ ವಿಧಾನವನ್ನು ಹ್ಯೂಬ್ಲ್ ಎಂಬ ರಸಾಯನಶಾಸ್ತ್ರಜ್ಞ 1884ರಲ್ಲಿ ರೂಪಿಸಿದ. ಅಳತೆಗೋಲು ದೊರೆತ ಮೇಲೆ ಪ್ರಯೋಗಗಳು ನಡೆಯದೆ ಇರುತ್ತವೆಯೇ? 1901ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ಸ್ ಮತ್ತು ಹ್ಯಾನ್ಸೆನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗವನ್ನು ಓದಿದಾಗ ನಾನು ಒಂದು ಕ್ಷಣ ಪುಸ್ತಕವನ್ನು ಕೆಳಗಿಟ್ಟು ಕುಳಿತೆ. ಅವರು ಒಂದೇ ಸೂಲಿನ ಮೂರು ಹಂದಿಮರಿಗಳನ್ನು ಆಯ್ದುಕೊಂಡರು. ಒಂದನ್ನು 30–35 ಡಿಗ್ರಿಯ ಬಿಸಿಯಲ್ಲಿ ಸಾಕಿದರು. ಇನ್ನೊಂದನ್ನು ಸೊನ್ನೆ ಡಿಗ್ರಿಯ ಚಳಿಯಲ್ಲಿ. ಮೂರನೆಯದನ್ನೂ ಅದೇ ಚಳಿಯಲ್ಲಿ ಇಟ್ಟು, ಅದಕ್ಕೆ ಮಾತ್ರ ಕುರಿಯ ಉಣ್ಣೆಚರ್ಮದ ಅಂಗಿ ತೊಡಿಸಿದರು! ಕೊನೆಗೆ ಪರೀಕ್ಷಿಸಿದಾಗ, ಅಂಗಿಯಿಲ್ಲದೆ ಚಳಿಯಲ್ಲಿದ್ದ ಹಂದಿಯ ಚರ್ಮದಡಿಯ ಕೊಬ್ಬಿನಲ್ಲಿ ಡೊಂಕು ಸರಪಳಿಗಳು ಹೆಚ್ಚಿದ್ದವು. ಅಂಗಿ ತೊಟ್ಟದ್ದರಲ್ಲಿ ಕಡಿಮೆ. ಕಂಬಳಿಯೊಳಗಿನ ಕೊಬ್ಬಿಗೆ ಮೃದುವಾಗುವ ಅಗತ್ಯವೇ ಬೀಳಲಿಲ್ಲ. ಕಂಬಳಿ ಬೇರೆ, ಕೊಬ್ಬಿನ ಗುಣ ಬೇರೆ ಎಂಬುದನ್ನು ನಮ್ಮ ಹುಡುಗ ಕೇಳುವುದಕ್ಕೆ ತೊಂಬತ್ತು ವರ್ಷ ಮುಂಚೆಯೇ ಪ್ರಯೋಗದಲ್ಲಿ ಬೇರ್ಪಡಿಸಿ ನೋಡಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಮೀನಿನಲ್ಲಿ ಈ ಮೃದುತ್ವ ಎಲ್ಲಿಗಿಂತ ಹೆಚ್ಚಾಗಿ ಬೇಕು? ಹೊಟ್ಟೆಯ ಸುತ್ತಲಿನ ಕೊಬ್ಬಿನ ಗಡ್ಡೆಯಲ್ಲಿ ಅಲ್ಲ. ಜೀವಕೋಶದ ಪೊರೆಯಲ್ಲಿ. ಪ್ರತಿಯೊಂದು ಜೀವಕೋಶವನ್ನೂ ಸುತ್ತುವರಿದಿರುವುದು ಎರಡು ಪದರದ ಕೊಬ್ಬಿನ ಹಾಳೆ. ಅದರಲ್ಲಿ ಪ್ರೋಟೀನುಗಳು ಕೆರೆಯಲ್ಲಿ ಹರಿಗೋಲು ತೇಲಿದಂತೆ ತೇಲುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮುಂದಿಟ್ಟರು. (ಇವರು ಮದರಾಸಿನ ನಿಕಲ್ಸನ್ ಅಲ್ಲ.) ಲವಣಗಳನ್ನು ಒಳಹೊರಗೆ ಸಾಗಿಸುವುದು, ನರಗಳ ಸಂದೇಶ ದಾಟಿಸುವುದು ಎಲ್ಲವೂ ಈ ತೇಲುವ ಪ್ರೋಟೀನುಗಳ ಕೆಲಸ. ಚಳಿಗೆ ಪೊರೆ ತುಪ್ಪದಂತೆ ಹೆಪ್ಪುಗಟ್ಟಿದರೆ ಹರಿಗೋಲು ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ, ನರಗಳು ಮಂಕಾಗುತ್ತವೆ, ಮೀನು ಸಾಯುತ್ತದೆ. ಹಾಗೆಂದು ಪೊರೆ ಅತಿಯಾಗಿ ಸಡಿಲವಾದರೂ ಕಷ್ಟ, ಸೋರಲು ತೊಡಗುತ್ತದೆ. ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಒಂದು ಹದ ಬೇಕು. 1974ರಲ್ಲಿ ಸಿನೆನ್‌ಸ್ಕಿ ಎಂಬ ವಿಜ್ಞಾನಿ ಇ. ಕೊಲೈ ಎಂಬ ಬ್ಯಾಕ್ಟೀರಿಯಾವು ತಾನು ಬೆಳೆಯುವ ಉಷ್ಣತೆ ಬದಲಾದಂತೆ ಪೊರೆಯ ಕೊಬ್ಬನ್ನು ಬದಲಿಸಿಕೊಂಡು ಅದೇ ಹದವನ್ನು ಕಾಯ್ದುಕೊಳ್ಳುವುದನ್ನು ತೋರಿಸಿ, ಅದಕ್ಕೆ 'ಹೋಮಿಯೋವಿಸ್ಕಸ್' ಹೊಂದಾಣಿಕೆ ಎಂದು ಹೆಸರಿಟ್ಟ. ನಮ್ಮ ಮಾತಿನಲ್ಲಿ ಇದನ್ನು ಹದ ಕಾಯುವ ಹೊಂದಾಣಿಕೆ ಎನ್ನಬಹುದು.

ಈಗ ಕಥೆ ಮತ್ತೆ ನಮ್ಮ ನೀರಿಗೆ ಬರುತ್ತದೆ. ತುಂಗಭದ್ರಾ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ಅಂದು ಹೊಳೆಯ ಈ ದಂಡೆ ಹೈದರಾಬಾದ್ ನಿಜಾಮರದು, ಆ ದಂಡೆ ಮದರಾಸಿನದು. 1953ರ ಹೊತ್ತಿಗೆ ಆಣೆಕಟ್ಟು ನಿಂತಿತು. ನೀರು ಹತ್ತಾರು ಹಳ್ಳಿಗಳನ್ನು ನುಂಗಿತು. ಹರಿಯುವ ಹೊಳೆ ನಿಂತ ನೀರಾದಾಗ ಮೀನುಗಳ ಬದುಕೂ ಬದಲಾಯಿತು. ಗಂಗಾ ಬಯಲಿನ ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಜಲಾಶಯಕ್ಕೆ ಬಿಟ್ಟರು. ನಮ್ಮ ನಾಡಿನ ಕೆರೆಗಳಿಗೆ ಬಿಡುವ ಇನ್ನೊಂದು ಹೊರಗಿನ ಮೀನು ಸಾಮಾನ್ಯ ಗೆಂಡೆ. ಅದರ ಒಂದು ತಳಿ 1939ರಲ್ಲಿ ಸಿಂಹಳದಿಂದ ಊಟಿಗೆ ಬಂದಿತು, ಇನ್ನೊಂದು 1957ರಲ್ಲಿ ಬ್ಯಾಂಕಾಕಿನಿಂದ. ಈ ಗೆಂಡೆಯ ಸಾಮರ್ಥ್ಯ ಅಚ್ಚರಿಯದು. ನಮ್ಮ ಬೇಸಿಗೆಯ ಬೆಚ್ಚನೆಯ ಕೆರೆಯಲ್ಲಿಯೂ ಬದುಕುತ್ತದೆ. ಯುರೋಪಿನಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದ ಕೊಳದ ತಳದಲ್ಲಿಯೂ ಚಳಿಗಾಲ ಕಳೆಯುತ್ತದೆ.

ಇದೇ ಗೆಂಡೆಯನ್ನು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಆಂಡ್ರ್ಯೂ ಕಾಸಿನ್ಸ್ ಮತ್ತು ಅವರ ಸಂಗಡಿಗರು ಪ್ರಯೋಗಕ್ಕೆ ಆಯ್ದುಕೊಂಡರು. 1996ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ. ಬೆಚ್ಚನೆಯ ನೀರಿನಲ್ಲಿದ್ದ ಗೆಂಡೆಯನ್ನು ತಣ್ಣೀರಿಗೆ ಹೊಂದಿಸಿದಾಗ ಅದರ ಯಕೃತ್ತಿನಲ್ಲಿ ಡೆಸಾಚುರೇಸ್ ಎಂಬ ಕಿಣ್ವದ ಚಟುವಟಿಕೆ 8ರಿಂದ 10 ಪಟ್ಟು ಏರುತ್ತದೆ. ಈ ಕಿಣ್ವದ ಕೆಲಸವೇ ನೆಟ್ಟಗಿನ ಸರಪಳಿಯಲ್ಲಿ ಜೋಡಿ ಬಂಧ ಮೂಡಿಸಿ ಅದನ್ನು ಬಾಗಿಸುವುದು. ಮೊದಲು, ಯಕೃತ್ತಿನಲ್ಲಿ ಸುಮ್ಮನೆ ಮಲಗಿರುವ ಕಿಣ್ವ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತದೆ. ಆಮೇಲೆ, 48ರಿಂದ 60 ಗಂಟೆಗಳಾಗುವಷ್ಟರಲ್ಲಿ, ಹೊಸ ಕಿಣ್ವ ತಯಾರಿಸುವ ಆದೇಶ ಜೀನಿನಿಂದ ಹತ್ತು ಪಟ್ಟು ಹೆಚ್ಚಾಗಿ ಹೊರಡುತ್ತದೆ. ಮನೆಯಲ್ಲಿದ್ದ ಆಳನ್ನು ಮೊದಲು ಎಬ್ಬಿಸಿ, ಕೆಲಸ ಸಾಲದಾದಾಗ ಹೊರಗಿನಿಂದ ಆಳುಗಳನ್ನು ಕರೆಸಿದಂತೆ. ಅಂದರೆ ಮೀನು ಚಳಿಗೆ ಹೆಚ್ಚು ಕೊಬ್ಬನ್ನು ಹೊದ್ದುಕೊಳ್ಳುವುದಿಲ್ಲ. ಇರುವ ಕೊಬ್ಬನ್ನೇ ಬೇರೆ ಹದಕ್ಕೆ ತಿರುಗಿಸಿಕೊಳ್ಳುತ್ತದೆ. ಬೆಚ್ಚನೆಯ ದಿನಗಳು ಬಂದರೆ ಹಿಂದಿನ ಹದಕ್ಕೆ ಮರಳುತ್ತದೆ.

ಎಲ್ಲ ಮೀನಿಗೂ ಈ ಶಕ್ತಿ ಸಮನಾಗಿಲ್ಲ. ಬಿಸಿನಾಡಿನ ತಿಲಾಪಿಯಾ ಉತ್ತರ ಭಾರತದ ಕಡುಚಳಿಗೆ ಸಾಯುವುದುಂಟು. ಅದೇ ಕೊಳದಲ್ಲಿ ಗೆಂಡೆ ಉಳಿಯುತ್ತದೆ. ಅಲ್ಲದೆ ಕೊಬ್ಬೊಂದೇ ಎಲ್ಲ ಕೆಲಸವನ್ನೂ ಮಾಡುವುದಿಲ್ಲ. ದಕ್ಷಿಣ ಧ್ರುವದ ಕಡಲಿನಲ್ಲಿ ನೀರೇ ಸೊನ್ನೆಗಿಂತ ತುಸು ಕೆಳಗಿರುತ್ತದೆ. ಅಲ್ಲಿನ ಮೀನುಗಳ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ವಿಶೇಷ ಪ್ರೋಟೀನುಗಳಿವೆಯೆಂದು ಆರ್ಥರ್ ಡಿವ್ರೀಸ್ 1960ರ ದಶಕದ ಕೊನೆಯಲ್ಲಿ ಕಂಡುಹಿಡಿದರು.

ನನ್ನ ಕಂಬಳಿಯ ಉಪಮೆ ಮೀನಿಗೆ ಎಂದೂ ಸಲ್ಲುವುದಿಲ್ಲವೇ? ಒಂದು ಅಪವಾದವಿದೆ. ಆಳ ಸಮುದ್ರದ ಓಪಾ ಎಂಬ ದುಂಡನೆಯ ಮೀನು ಹೃದಯವೂ ಸೇರಿದಂತೆ ತನ್ನ ಇಡೀ ಮೈಯನ್ನು ಸುತ್ತಲಿನ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುತ್ತದೆಯೆಂದು 2015ರಲ್ಲಿ ಅಮೆರಿಕದ ನಿಕೊಲಸ್ ವೆಗ್ನರ್ ಮತ್ತು ಸಂಗಡಿಗರು ತೋರಿಸಿದರು. ಅದರ ಕಿವಿರುಗಳೊಳಗೆ, ಮೈಯಿಂದ ಬರುವ ಬಿಸಿ ರಕ್ತವು ಕಿವಿರಿನಿಂದ ಮರಳುವ ತಣ್ಣನೆಯ ರಕ್ತವನ್ನು ಕಾಯಿಸುವಂತೆ ರಕ್ತನಾಳಗಳು ಹೆಣೆದುಕೊಂಡಿವೆ. ಅವುಗಳ ಸುತ್ತ ಕೊಬ್ಬಿನ ಪದರವಿದೆ. ಬಾಗಿಲು ಮುಚ್ಚುವ ಉಪಾಯ ಮೊದಲು ದೊರೆತುದರಿಂದ ಅಲ್ಲಿ ಕಂಬಳಿಗೆ ಬೆಲೆ ಬಂದಿತು. ಈ ಅಪವಾದವೂ ನನ್ನ ಪರವಾಗಿಲ್ಲ. ಹುಡುಗನ ಪರವಾಗಿಯೇ ಸಾಕ್ಷಿ ಹೇಳುತ್ತಿದೆ. ಒಳಗೆ ಬಿಸಿಯಿದ್ದರೆ ಮಾತ್ರ ಕಂಬಳಿ.

ಸೇವೆಯಲ್ಲಿದ್ದಾಗ ಪಾಠ ಮುಗಿಸುವ ಅವಸರ ನಮಗೆಲ್ಲ ಇರುತ್ತಿತ್ತು. ಅದನ್ನು ನೆಪವಾಗಿ ಹೇಳಿಕೊಳ್ಳಲಾರೆ. "ನನಗೆ ತಿಳಿಯದು, ಹುಡುಕಿ ಹೇಳುತ್ತೇನೆ" ಎನ್ನಲು ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಆ ಹುಡುಗ ದಿನವೂ ಬೆಳಗಿನ ಜಾವದಲ್ಲಿ ಮೀನನ್ನು ಕೈಯಲ್ಲಿ ಹಿಡಿದವನು. ಅದರ ಮೈ ತಣ್ಣಗಿರುತ್ತದೆಂದು ಅವನ ಅಂಗೈಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಪುಸ್ತಕದ ಮಾತು, ಅದೂ ತಪ್ಪಾಗಿ. ಪ್ರಶ್ನೆ ಕೇಳಿದವನನ್ನು ಕೂರಿಸಿದಾಗ ನಲವತ್ತು ಮಕ್ಕಳು ಕಲಿತ ಪಾಠ ಬೇರೆಯೇ ಆಯಿತು: ಕಂಡದ್ದನ್ನು ಹೇಳಬಾರದು ಎಂಬ ಪಾಠ.

ಅವನು ಎಸ್.ಎಸ್.ಎಲ್.ಸಿ.ಯ ಬಳಿಕ ಓದು ಬಿಟ್ಟನೆಂದು ಕೇಳಿದ್ದೆ. ಈಗ ಅವನಿಗೆ ಐವತ್ತರ ಆಸುಪಾಸು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ತರಗತಿಯಲ್ಲಿ ನಕ್ಕ ನಿಮಗೆ ಅದು ನೆನಪಿದ್ದೇ ಇರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅವನು ಹಿನ್ನೀರಿನ ದಂಡೆಯಲ್ಲಿಯೋ ಮುನಿರಾಬಾದಿನ ಬಸ್ ನಿಲ್ದಾಣದಲ್ಲಿಯೋ ಭೇಟಿಯಾದರೆ ದಯವಿಟ್ಟು ಇಷ್ಟು ತಿಳಿಸಿ: "ಕಲ್ಲಿಗೆ ಕಂಬಳಿ ಹೊದಿಸಿದರೆ ಕಲ್ಲು ಬೆಚ್ಚಗಾಗುವುದಿಲ್ಲ. ನೀನು ಹೇಳಿದ್ದೇ ಸರಿ ಎಂದು ಮೇಷ್ಟ್ರು ಹೇಳಿ ಕಳಿಸಿದ್ದಾರೆ."

ಮೊಮ್ಮಗಳಿಗೆ ಮಾತ್ರ ಅಂದೇ ಉತ್ತರ ಹೇಳಿದೆ. ಮೊದಲು ಜೋಳದ ಕಣಿಕಿ, ಆಮೇಲೆ ಜಾಲಿಯ ಟೊಂಗೆ. ಆಕೆ ಎಲ್ಲವನ್ನೂ ಕೇಳಿ, "ಹಾಗಾದರೆ ಬೇಸಿಗೆಯಲ್ಲಿ ಮೀನು ಏನು ಮಾಡುತ್ತದೆ?" ಎಂದಳು. ಈ ಸಲ ನಾನು ಕುಳಿತುಕೋ ಎನ್ನಲಿಲ್ಲ.